ಡೈವ್ ಮಾಡಿಯೂ ಏನೂ ಕಾಣಲಿಲ್ಲವೇ? ಮೈಸೂರು-ಮಂಡ್ಯದವರಿಗೆ ನೇತ್ರಾಣಿ, ಅಂಡಮಾನ್ ಸ್ಕೂಬಾ ಸಮಗ್ರ ಮಾರ್ಗದರ್ಶಿ

ಪ್ರತಿ ಸಲ ಡಿಸೆಂಬರ್ ರಜೆ ಮುಗಿಯುತ್ತಿದ್ದ ಹಾಗೆ, ಸ್ಕೂಬಾ ಡೈವ್ ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಇಳಿದು ಬಂದವರಿಂದ ಒಂದೇ ಥರದ ದೂರುಗಳು ಶುರುವಾಗುತ್ತವೆ. "ಮುರುಡೇಶ್ವರದ ಹತ್ತಿರ ನೇತ್ರಾಣಿ ದ್ವೀಪಕ್ಕೆ ಹೋಗಿದ್ವಿ, ಕಿವಿ ನೋವು ತಡೀಲಾರದೆ ಐದೇ ನಿಮಿಷಕ್ಕೆ ಮೇಲೆ ಬಂದೆ." "ಅಂಡಮಾನ್‌ನಲ್ಲಿ ಅಷ್ಟು ದುಡ್ಡು ಕೊಟ್ಟು ಇಳಿದೆ, ವಿಡಿಯೊ ಚೆನ್ನಾಗಿ ಬಂದಿದೆ, ಆದರೆ ಆಕ್ಟೋಪಸ್ ಇಲ್ಲ, ಸಮುದ್ರಕುದುರೆ ಇಲ್ಲ, ಬರೀ ನೀಲಿ ನೀರು." ಎಲ್ಲರೂ ಬೈಯುವುದು ಸಮುದ್ರವನ್ನು, ಇಲ್ಲ ಗೈಡನ್ನು.

ನಿಜವಾದ ತೊಂದರೆ ಇರುವುದು ಕೆಲಸದ ಕ್ರಮದಲ್ಲಿ. ಮೊದಲು ಟಿಕೆಟ್, ಆಮೇಲೆ ಹೋಟೆಲ್, ಕಿವಿ-ಉಸಿರಿನ ಯೋಚನೆ ಬೋಟ್ ಹತ್ತಿದ ಮೇಲೆ. ಇದು ತಲೆಕೆಳಗು. ವಿಚಿತ್ರ ಜೀವಿಗಳು ಅಡಗಿ ಬದುಕುವವು. ನೀರಿನಡಿ ಕೈಕಾಲು ಬಡಿಯದೆ ಒಂದೆಡೆ ತೇಲುತ್ತಾ ನಿಲ್ಲಬಲ್ಲವರಿಗೆ ಮಾತ್ರ ಅವು ಕಾಣುತ್ತವೆ. ಆ ನಿಲ್ಲುವ ಕಲೆಯ ಮುಕ್ಕಾಲು ಭಾಗವನ್ನು ಮೈಸೂರಿನಲ್ಲೇ ಕಲಿಯಬಹುದು. ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಟಿಕೆಟ್ ಐದನೇ ಹಂತದಲ್ಲಿ ಬರುತ್ತದೆ.

## ಹಂತ 1: ವೈದ್ಯರ ಒಪ್ಪಿಗೆ

ಡೈವಿಂಗ್‌ಗೆ ಮುಂಚೆ ಆರೋಗ್ಯದ ಪ್ರಶ್ನೆಗಳಿರುವ ಒಂದು ಫಾರಂ ಕೊಡುತ್ತಾರೆ. ಬೋಟ್ ಹೊರಡುವ ಗಡಿಬಿಡಿಯಲ್ಲಿ ಜನ ಓದದೇ ಎಲ್ಲದಕ್ಕೂ "ಇಲ್ಲ" ಅಂತ ಟಿಕ್ ಹಾಕಿಬಿಡುತ್ತಾರೆ. ತೀರಾ ಅಪಾಯದ ಅಭ್ಯಾಸ ಇದು. ಫಾರಂ ಅನ್ನು ಮುಂಚೆಯೇ ತರಿಸಿಕೊಂಡು ಮನೆಯಲ್ಲಿ ಕೂತು ತುಂಬಿ.

ಅಸ್ತಮಾ, ಹೃದಯದ ತೊಂದರೆ, ಫಿಟ್ಸ್, ಶ್ವಾಸಕೋಶದ ಹಳೆಯ ಕಾಯಿಲೆ, ಕಿವಿ ಅಥವಾ ಸೈನಸ್ ಆಪರೇಷನ್ ಆಗಿದ್ದರೆ ವೈದ್ಯರು ನೋಡಿ ಸಹಿ ಮಾಡಲೇಬೇಕು. ಬಿಪಿ, ಶುಗರ್ ಮಾತ್ರೆ ತಗೊಳ್ಳುವವರೂ ಅಷ್ಟೇ. ಗರ್ಭಿಣಿಯರು ಇಳಿಯುವಂತಿಲ್ಲ. ಜತೆಗೆ ಒಂದು ಸಲ ಕಿವಿ-ಮೂಗು-ಗಂಟಲಿನ ಡಾಕ್ಟರ ಹತ್ತಿರ ಹೋಗಿ ಕಿವಿಯ ತಮಟೆ ಸರಿಯಿದೆಯಾ, ಗುಗ್ಗೆ ಕಟ್ಟಿದೆಯಾ ನೋಡಿಸಿ. ಹತ್ತು ನಿಮಿಷದ ಕೆಲಸ, ಟ್ರಿಪ್ ಉಳಿಸುತ್ತದೆ.

## ಹಂತ 2: ಕಿವಿ ಬಿಡಿಸುವುದನ್ನು ಮನೆಯಲ್ಲೇ ಕಲಿಯಿರಿ

ಅರ್ಧಕ್ಕೇ ಮೇಲೆ ಬರುವವರಲ್ಲಿ ಬಹುತೇಕರಿಗೆ ಕೈಕೊಡುವುದು ಕಿವಿ. ಊಟಿಯಿಂದ ಮೈಸೂರಿಗೆ ಇಳಿಯುವಾಗ ಕಿವಿ ಕಟ್ಟುತ್ತದಲ್ಲ, ಅದೇ ಇಲ್ಲಿಯೂ ಆಗುವುದು. ಆದರೆ ಊಟಿಯಿಂದ ಮೈಸೂರಿನವರೆಗೆ ಇಳಿದಾಗ ಒತ್ತಡ ಎಷ್ಟು ಏರುತ್ತದೋ, ನೀರಿನಲ್ಲಿ ಬರೀ ಒಂದೂವರೆ ಮೀಟರ್ ಇಳಿದರೆ ಅಷ್ಟು ಏರಿಬಿಡುತ್ತದೆ. ಮೂರು ಗಂಟೆಯ ದಾರಿಯ ಒತ್ತಡ ಕೆಲವೇ ಸೆಕೆಂಡಿನಲ್ಲಿ. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟಾಗುತ್ತದೆ.

ಅಭ್ಯಾಸ ಹೀಗೆ: ಮೂಗಿನ ಹೊಳ್ಳೆಗಳನ್ನು ಬೆರಳಿನಿಂದ ಮುಚ್ಚಿ, ಬಾಯಿ ಮುಚ್ಚಿ, ಮೂಗಿನಿಂದ ಮೆಲ್ಲಗೆ ಗಾಳಿ ಒತ್ತಿ. ಎರಡೂ ಕಿವಿಯಲ್ಲಿ "ಟಕ್" ಅನ್ನಬೇಕು. ಒಂದೇ ಕಡೆ ಬಿಟ್ಟರೆ, ಬಿಡದ ಕಿವಿ ಮೇಲಕ್ಕೆ ಬರುವ ಹಾಗೆ ಕತ್ತು ಓರೆ ಮಾಡಿ ಮತ್ತೆ ಪ್ರಯತ್ನಿಸಿ. ಎಂಜಲು ನುಂಗಿಯೂ ಬಿಡಿಸಬಹುದು. ಜೋರು ಮಾತ್ರ ಬೇಡ.

ನೀರಿನಲ್ಲಿ ಇದನ್ನು ನೋವು ಬರುವ ಮುಂಚೆಯೇ ಮಾಡಬೇಕು. ಮೊದಲ ಸಲ ತಲೆ ಮುಳುಗುತ್ತಿದ್ದ ಹಾಗೆ ಒಮ್ಮೆ, ಆಮೇಲೆ ಅರ್ಧ-ಒಂದು ಮೀಟರಿಗೊಮ್ಮೆ. ನೋವು ಶುರುವಾದರೆ ಒತ್ತಬೇಡಿ. ಒಂದು ಮೀಟರ್ ಮೇಲೆ ಬನ್ನಿ, ಅಲ್ಲಿ ಬಿಡಿಸಿ, ಮತ್ತೆ ಇಳಿಯಿರಿ. ಬಿಡಲೇ ಇಲ್ಲವೇ? ಆ ದಿನ ಡೈವ್ ಇಲ್ಲ, ಅಷ್ಟೇ.

ಎಚ್ಚರಿಕೆ: ನೆಗಡಿ ಇದ್ದಾಗ ಇಳಿಯಬೇಡಿ. ನಮ್ಮ ಕಡೆ ಧನುರ್ಮಾಸದ ಚಳಿಗೆ ಮನೆಮಂದಿಗೆಲ್ಲ ಮೂಗು ಕಟ್ಟಿರುತ್ತದೆ, ಟ್ರಿಪ್ ಇಟ್ಟುಕೊಳ್ಳುವುದೂ ಆಗಲೇ. ಮೂಗಿಗೆ ಡ್ರಾಪ್ಸ್ ಬಿಟ್ಟುಕೊಂಡು ಹೋದರಾಯ್ತು ಅನ್ನುತ್ತಾರೆ. ನೀರಿನಡಿ ಔಷಧದ ಪ್ರಭಾವ ಇಳಿದರೆ ಒಳಗಿನ ಗಾಳಿ ಹೊರಬರಲಾಗದೆ, ಮೇಲೆ ಬರುವಾಗ ನೋವು ಶುರುವಾಗುತ್ತದೆ. ಇಳಿಯುವಾಗಿನ ನೋವಿಗಿಂತ ಇದು ಕಷ್ಟದ್ದು, ಯಾಕೆಂದರೆ ಮೇಲೆ ಬರದೆ ಬೇರೆ ದಾರಿಯೇ ಇಲ್ಲ.

## ಹಂತ 3: ಒಂದೇ ಒಂದು ಸಾಮಾನು ಕೊಳ್ಳಿ, ಅದು ಮಾಸ್ಕ್

ಸಿಲಿಂಡರ್, ತೇಲಲು ಗಾಳಿ ತುಂಬಿಸುವ ಜಾಕೆಟ್, ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ರೆಗ್ಯುಲೇಟರ್, ಕಾಲಿಗೆ ಹಾಕುವ ಫಿನ್ಸ್ ಎಲ್ಲಾ ಅಲ್ಲೇ ಕೊಡುತ್ತಾರೆ. ಮಾಸ್ಕ್ ಮಾತ್ರ ನಿಮ್ಮ ಮುಖಕ್ಕೆ ಕೂರುವಂಥದ್ದು ನಿಮ್ಮದೇ ಇರಲಿ. ಈಜುವ ಗಾಗಲ್ಸ್ ನಡೆಯುವುದಿಲ್ಲ. ಅದರಲ್ಲಿ ಮೂಗು ಹೊರಗಿರುತ್ತದೆ, ಕಣ್ಣಿನ ಮೇಲಿನ ಒತ್ತಡ ಸರಿಮಾಡಲು ದಾರಿಯಿರುವುದಿಲ್ಲ.

ಅಂಗಡಿಯಲ್ಲಿ ಹೀಗೆ ಪರೀಕ್ಷಿಸಿ: ಪಟ್ಟಿಯನ್ನು ತಲೆಗೆ ಹಾಕದೆ ಮಾಸ್ಕನ್ನು ಮುಖಕ್ಕೆ ಇಟ್ಟು, ಮೂಗಿನಿಂದ ಸ್ವಲ್ಪ ಗಾಳಿ ಎಳೆದು ಕೈ ಬಿಡಿ. ಬೀಳದೆ ಅಂಟಿಕೊಂಡು ನಿಂತರೆ ಅದು ನಿಮ್ಮದು. ಹೊಸ ಮಾಸ್ಕಿನ ಗಾಜಿನ ಒಳಗೆ ತೆಳ್ಳನೆ ಪೊರೆ ಇರುತ್ತದೆ. ಬಿಳಿ ಟೂತ್‌ಪೇಸ್ಟ್ ಹಾಕಿ ಬೆರಳಿನಿಂದ ಚೆನ್ನಾಗಿ ಉಜ್ಜಿ ತೊಳೆಯಿರಿ. ತೊಳೆಯದಿದ್ದರೆ ನೀರಿಗಿಳಿದ ಕೂಡಲೇ ಆವಿ ಕಟ್ಟಿ, ಆಕ್ಟೋಪಸ್ ಬಿಡಿ, ಗೈಡೂ ಕಾಣುವುದಿಲ್ಲ.

ಮೀಸೆಯ ವಿಷಯ ಹೇಳಲೇಬೇಕು. ದಪ್ಪ ಮೀಸೆ ಇದ್ದರೆ ಮೂಗಿನ ಕೆಳಗೆ ಸಿಲಿಕಾನ್ ಅಂಚು ಕೂರದೆ ನೀರು ಜಿನುಗುತ್ತದೆ. ಮಂಡ್ಯದ ಗಂಡಸರಿಗೆ ಮೀಸೆ ತೆಗೆಯಿರಿ ಅನ್ನುವಷ್ಟು ಧೈರ್ಯ ನನಗಿಲ್ಲ. ಮೂಗಿಗೆ ತಾಗುವ ಮೇಲಂಚನ್ನು ಸಣ್ಣ ಗೆರೆಯಷ್ಟು ಟ್ರಿಮ್ ಮಾಡಿದರೆ ಸಾಕು. ವ್ಯಾಸಲೀನ್ ಹಚ್ಚಬೇಡಿ, ಸಿಲಿಕಾನ್ ಹಾಳಾಗುತ್ತದೆ.

ಕನ್ನಡಕದವರು ಪವರ್ ಗಾಜಿನ ಮಾಸ್ಕ್ ಇದೆಯಾ ಅಂತ ಮೊದಲೇ ವಿಚಾರಿಸಿ. ಕನ್ನಡಕವಿಲ್ಲದೆ ಎಲ್ಲಾ ಮಂಜಾಗಿ ಕಾಣುವವರು ಇದನ್ನು ಬಿಟ್ಟು ಹೋದರೆ ಸಣ್ಣ ಜೀವಿಗಳ ಆಸೆ ಬಿಡಬೇಕು.

## ಹಂತ 4: ಈಜುಕೊಳದ ಪಾಠ

ಸರಸ್ವತಿಪುರಂನ ವಿಶ್ವವಿದ್ಯಾಲಯದ ಈಜುಕೊಳವಾಗಲಿ, ನಿಮ್ಮ ಬಡಾವಣೆಯ ಕ್ಲಬ್ಬಿನದಾಗಲಿ, ಎದೆಮಟ್ಟ ನೀರಿದ್ದರೆ ಸಾಕು. ಒಬ್ಬರೇ ಹೋಗಬೇಡಿ, ಪಕ್ಕದಲ್ಲಿ ಇನ್ನೊಬ್ಬರಿರಲಿ. ನಾಲೆ, ಕೆಆರ್‌ಎಸ್ ಹಿನ್ನೀರು ಇದಕ್ಕಲ್ಲ.

"ನಾವು ವಿ.ಸಿ. ನಾಲೇಲಿ ಈಜಿ ಬೆಳೆದವರು, ನಮಗೇನು ಕಲಿಸ್ತೀರಿ" ಅನ್ನುವವರಿದ್ದಾರೆ. ಅವರಿಗೆ ನೀರಿನ ಭಯ ಇರುವುದಿಲ್ಲ, ಅದು ದೊಡ್ಡ ಲಾಭ. ಆದರೆ ನಾಲೆಯ ಈಜಿನಲ್ಲಿ ಎರಡು ಅಭ್ಯಾಸ ಅಂಟಿಕೊಂಡಿರುತ್ತವೆ: ಕೈ ಬೀಸುವುದು ಮತ್ತು ಉಸಿರು ಕಟ್ಟುವುದು. ಸ್ಕೂಬಾದಲ್ಲಿ ಎರಡೂ ತಪ್ಪು. ಕೈ ಬೀಸಿದರೆ ಗಾಳಿ ಬೇಗ ಮುಗಿಯುತ್ತದೆ, ಮರಳೆದ್ದು ನೀರು ಕದಡುತ್ತದೆ. ಉಸಿರು ಕಟ್ಟುವುದಂತೂ ಅಪಾಯ. ಸಿಲಿಂಡರಿನ ಗಾಳಿ ತುಂಬಿದ ಶ್ವಾಸಕೋಶ ಮೇಲೆ ಬರುವಾಗ ಹಿಗ್ಗುತ್ತದೆ. 10 ಮೀಟರ್ ಆಳದಲ್ಲಿ ಎಳೆದ ಗಾಳಿ ಮೇಲೆ ಬರುವಷ್ಟರಲ್ಲಿ ಎರಡರಷ್ಟಾಗಿರುತ್ತದೆ. ಉಸಿರು ಬಿಡದೆ ಮೇಲೆ ಬಂದರೆ ಶ್ವಾಸಕೋಶವೇ ಹರಿಯಬಹುದು. ಸ್ಕೂಬಾದ ಮೊದಲ ನಿಯಮವೇ ಇದು: ಉಸಿರಾಟ ನಿಲ್ಲಿಸಬಾರದು.

ಕೊಳದಲ್ಲಿ ಈ ಮೂರನ್ನು ಮಾಡಿ. ಒಂದು, ಮಾಸ್ಕ್ ಇಲ್ಲದೆ ಸ್ನಾರ್ಕೆಲ್ (ಮುಖ ನೀರಿನಲ್ಲಿದ್ದಾಗ ಉಸಿರಾಡುವ ಕೊಳವೆ) ಬಾಯಲ್ಲಿಟ್ಟು ಮುಖ ಮುಳುಗಿಸಿ ಬಾಯಿಂದಲೇ ಉಸಿರಾಡಿ. ಮೂಗಿಗೆ ನೀರು ತಾಗಿದಾಗ ಬರುವ ಗಾಬರಿ ಇಲ್ಲೇ ಹೋಗಲಿ. ಎರಡು, ಎದೆಮಟ್ಟದ ನೀರಿನಲ್ಲಿ ಮಾಸ್ಕಿಗೆ ಬೇಕೆಂತಲೇ ನೀರು ತುಂಬಿಸಿ, ಮೇಲಂಚನ್ನು ಹಣೆಗೆ ಒತ್ತಿ, ತಲೆ ಸ್ವಲ್ಪ ಮೇಲೆತ್ತಿ, ಮೂಗಿನಿಂದ ಗಾಳಿ ಬಿಟ್ಟು ನೀರು ಹೊರಹಾಕಿ. ಮೂರು, ಸ್ನಾರ್ಕೆಲ್ ಹಾಕಿ ಬೋರಲಾಗಿ ತೇಲುತ್ತಾ ಕೊಳದ ತಳದ ಒಂದು ಟೈಲ್ಸನ್ನೇ ನೋಡುತ್ತಾ ಕೈಕಾಲು ಆಡಿಸದೆ ಇರಿ. ಬೇಜಾರು ಬರುವ ಅಭ್ಯಾಸ, ನಿಜ. ಇಡೀ ಮಾರ್ಗದರ್ಶಿಯಲ್ಲಿ ಒಂದೇ ಮಾಡುತ್ತೇನೆ ಅಂದರೆ ಇದನ್ನು ಮಾಡಿ.

ಈಜು ಬಾರದವರೂ ಒಂದು ಸಲದ ಪರಿಚಯದ ಡೈವ್ ಮಾಡಬಹುದು. ಅದರಲ್ಲಿ ತರಬೇತುದಾರರೇ ಹಿಡಿದುಕೊಂಡು ಹೋಗುತ್ತಾರೆ, ಹೆಚ್ಚೆಂದರೆ 12 ಮೀಟರ್ ಆಳ. ಸ್ವಂತವಾಗಿ ನಿಂತು ನೋಡಬೇಕೆಂದರೆ ಓಪನ್ ವಾಟರ್ ಎಂಬ ಮೊದಲ ಹಂತದ ಸ್ಕೂಬಾ ಕೋರ್ಸ್ ಬೇಕು. ಸಾಮಾನ್ಯವಾಗಿ ಮೂರು-ನಾಲ್ಕು ದಿನದ್ದು, ಸಮುದ್ರದಲ್ಲಿ ನಾಲ್ಕು ಡೈವ್, ಮುಗಿದರೆ 18 ಮೀಟರ್‌ವರೆಗೆ ಅನುಮತಿ. ಅದಕ್ಕೆ 200 ಮೀಟರ್ ಈಜಬೇಕು, 10 ನಿಮಿಷ ತೇಲಬೇಕು. ಹತ್ತು ವರ್ಷ ತುಂಬಿದ ಮಕ್ಕಳೂ ಸೇರಬಹುದು.

## ಹಂತ 5: ಜಾಗ, ತಿಂಗಳು, ತಿಥಿ

ನನ್ನ ಸಲಹೆ: ಮೊದಲು ನೇತ್ರಾಣಿ, ಆಮೇಲೆ ಅಂಡಮಾನ್. ನೇತ್ರಾಣಿಯಲ್ಲಿ ನಿಮ್ಮ ಕಿವಿ, ಹೊಟ್ಟೆ, ಧೈರ್ಯ ಮೂರೂ ಕಡಿಮೆ ಖರ್ಚಿನಲ್ಲಿ ಪರೀಕ್ಷೆಯಾಗುತ್ತವೆ.

ನೇತ್ರಾಣಿ ಇರುವುದು ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ಅರಬ್ಬಿ ಸಮುದ್ರದಲ್ಲಿ. ಬೋಟಿನಲ್ಲಿ ಒಂದೂವರೆ ಗಂಟೆಯ ಆಸುಪಾಸು. ಅಕ್ಟೋಬರ್‌ನಿಂದ ಮೇವರೆಗೆ ಸೀಸನ್, ಮಳೆಗಾಲದಲ್ಲಿ ಬಂದ್. ಮೈಸೂರಿನ ಮೇಲೆಯೇ ಮುರುಡೇಶ್ವರಕ್ಕೆ ರಾತ್ರಿ ರೈಲಿದೆ. ಹೋದ ದಿನ ವಿಶ್ರಾಂತಿ, ಮರುದಿನ ಬೆಳಿಗ್ಗೆ ಡೈವ್ ಇಟ್ಟುಕೊಳ್ಳಿ. ಗಿಳಿಮೀನು, ಚಿಟ್ಟೆಮೀನು, ಬರಾಕುಡಾ ಹಿಂಡು, ಬಂಡೆ ಸಂದಿಯ ಹಾವಿನಂಥ ಮೀನು ಮೊರೆ ಈಲ್, ಲಯನ್‌ಫಿಶ್ ಇಲ್ಲಿ ಸಿಗುತ್ತವೆ. ಅಪರೂಪಕ್ಕೆ ವೇಲ್ ಶಾರ್ಕ್ ಕೂಡ ಕಂಡಿದೆ, ಆದರೆ ಅದನ್ನು ನಂಬಿ ಹೋಗಬೇಡಿ.

ಸಣ್ಣ, ವಿಚಿತ್ರ ಜೀವಿಗಳಿಗೆ ಅಂಡಮಾನಿನ ಸ್ವರಾಜ್ ದ್ವೀಪವೇ ಸರಿ. ಹಳೆಯ ಹೆಸರು ಹ್ಯಾವ್ಲಾಕ್. 2024ರಿಂದ ಶ್ರೀ ವಿಜಯಪುರಂ ಎಂದು ಕರೆಯುವ ಪೋರ್ಟ್ ಬ್ಲೇರ್‌ವರೆಗೆ ವಿಮಾನ, ಅಲ್ಲಿಂದ ಫೆರ್ರಿ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಸಮುದ್ರ ಶಾಂತವಾಗಿರುತ್ತದೆ. ನವೆಂಬರ್-ಡಿಸೆಂಬರ್‌ನಲ್ಲಿ ಚಂಡಮಾರುತದ ಕಾಟ ಬರಬಹುದು. ಎಲ್ಲರೂ ಹೋಗುವುದು ಆಗಲೇ.

ತಾರೀಕು ಗೊತ್ತು ಮಾಡುವ ಮುಂಚೆ ಗೋಡೆಯ ಕ್ಯಾಲೆಂಡರ್ ನೋಡಿ. ಇದು ಮುಹೂರ್ತದ ಮಾತಲ್ಲ. ಅಮಾವಾಸ್ಯೆ, ಹುಣ್ಣಿಮೆಯ ಆಚೀಚೆ ಭರತ-ಇಳಿತ ಜೋರು, ನೀರಿನ ಸೆಳೆತವೂ ಜೋರು. ಅಷ್ಟಮಿಯ ಸುತ್ತಮುತ್ತ ಸೆಳೆತ ಕಡಿಮೆ. ಸೆಳೆತದಲ್ಲಿ ಒಂದೆಡೆ ನಿಂತು ಅಂಗುಲದುದ್ದದ ಜೀವಿ ನೋಡಲು ಹೊಸಬರಿಗೆ ಆಗುವುದಿಲ್ಲ.

## ಹಂತ 6: ದುಡ್ಡು ಕಟ್ಟುವ ಮುಂಚೆ ಕೇಳಬೇಕಾದ್ದು

- ಒಬ್ಬ ತರಬೇತುದಾರರ ಜತೆ ಎಷ್ಟು ಜನ? ಹೊಸಬರಾದರೆ ಇಬ್ಬರಿಗಿಂತ ಜಾಸ್ತಿ ಬೇಡ.
- ಬೋಟಿನಲ್ಲಿ ಆಮ್ಲಜನಕದ ಕಿಟ್ ಇದೆಯಾ? ಇದೆ ಅಂದರೆ ತೋರಿಸಿ ಅನ್ನಿ.
- ತರಬೇತುದಾರರ ಸರ್ಟಿಫಿಕೇಟ್ ಯಾವ ಸಂಸ್ಥೆಯದು, ಚಾಲ್ತಿಯಲ್ಲಿದೆಯಾ?
- ಎಷ್ಟು ನಿಮಿಷ ನೀರಿನಡಿ? "ಅರ್ಧ ಗಂಟೆ" ಅಂದರೆ ಬಟ್ಟೆ ಹಾಕುವುದೂ ಸೇರಿಯಾ?
- ಸಣ್ಣ ಜೀವಿಗಳನ್ನು ಹುಡುಕಿ ತೋರಿಸುವ ಗೈಡ್ ಇದ್ದಾರಾ?

ಕೊನೆಯ ಪ್ರಶ್ನೆ ಯಾರೂ ಕೇಳುವುದಿಲ್ಲ. ಕೇಳದಿದ್ದರೆ ನಿಮ್ಮನ್ನು ಫೋಟೊ ಗಿರಾಕಿ ಅಂದುಕೊಂಡು, ಹವಳದ ಮುಂದೆ ನಿಲ್ಲಿಸಿ ಎರಡು ವಿಡಿಯೊ ತೆಗೆದು ಮೇಲೆ ಕಳಿಸುತ್ತಾರೆ. "ವಿಡಿಯೊ ಬೇಡ, ನಿಧಾನವಾಗಿ ತೋರಿಸಿ" ಅಂತ ಮೊದಲೇ ಹೇಳಿ.

ಎಚ್ಚರಿಕೆ: ರೆಗ್ಯುಲೇಟರ್‌ನಿಂದ ಎಳೆದ ಗಾಳಿಗೆ ಎಣ್ಣೆ ಅಥವಾ ಹೊಗೆ ವಾಸನೆ ಬಂದರೆ ಆ ಸಿಲಿಂಡರ್ ಬೇಡ ಅನ್ನಿ. ಸಂಕೋಚ ಪಡಬೇಡಿ.

## ಹಂತ 7: ಡೈವ್ ದಿನದ ಬೆಳಿಗ್ಗೆ

ಹಿಂದಿನ ರಾತ್ರಿ ಮದ್ಯ ಬೇಡ, ನಿದ್ದೆ ಬೇಕು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೋದರೆ ವಾಂತಿ ಬರುವುದಿಲ್ಲ ಅನ್ನುವುದು ತಪ್ಪು ಲೆಕ್ಕ, ಖಾಲಿ ಹೊಟ್ಟೆಗೇ ಜಾಸ್ತಿ ತೊಳಸುತ್ತದೆ. ಎರಡು ಇಡ್ಲಿ ಸಾಕು, ಬನ್ಸ್-ಬಜ್ಜಿ ವಾಪಸ್ ಬಂದ ಮೇಲೆ. ವಾಂತಿ ತಡೆಯುವ ಮಾತ್ರೆಯನ್ನು ವೈದ್ಯರನ್ನು ಕೇಳಿಯೇ ತಗೊಳ್ಳಿ. ಕೆಲವರಿಗೆ ಅದರಿಂದ ವಿಪರೀತ ನಿದ್ದೆ ಬರುತ್ತದೆ, ಹಾಗಾಗಿ ಊರಲ್ಲೇ ಒಂದು ದಿನ ನುಂಗಿ ನೋಡಿ. ಬೋಟ್ ಓಡುವಾಗಿನದಕ್ಕಿಂತ ಲಂಗರು ಹಾಕಿ ನಿಂತಾಗಲೇ ಹೊಟ್ಟೆ ಕೆಡುವುದು ಹೆಚ್ಚು. ಆಗ ಮೊಬೈಲ್ ನೋಡದೆ ದೂರದ ದಿಗಂತ ನೋಡುತ್ತಿರಿ.

ಸನ್ನೆಗಳನ್ನು ಬೋಟಿನಲ್ಲೇ ಎರಡು ಸಲ ಮಾಡಿ ತೋರಿಸಿ. ಎಲ್ಲರೂ ಎಡವುವ ಜಾಗ ಒಂದಿದೆ. ಖುಷಿಯಾಗಿ "ಸೂಪರ್" ಅಂತ ಹೆಬ್ಬೆರಳು ಎತ್ತುತ್ತಾರೆ. ಸ್ಕೂಬಾದಲ್ಲಿ ಅದರ ಅರ್ಥ "ಮೇಲೆ ಹೋಗೋಣ". ತರಬೇತುದಾರರು ಪಾಪ ಮೇಲೆ ಕರೆದುಕೊಂಡು ಬರುತ್ತಾರೆ, ಡೈವ್ ಅಲ್ಲಿಗೆ ಮುಗಿಯಿತು. ಎಲ್ಲಾ ಸರಿ ಅನ್ನಲು ಚಿನ್ಮುದ್ರೆಯ ಹಾಗೆ ಹೆಬ್ಬೆರಳು-ತೋರುಬೆರಳು ಸೇರಿಸಿ. ಏನೋ ಸರಿಯಿಲ್ಲ ಅನ್ನಲು ಅಂಗೈ ಕೆಳಗೆ ಮಾಡಿ ಅತ್ತಿತ್ತ ಆಡಿಸಿ, ಆಮೇಲೆ ತೊಂದರೆ ಇರುವ ಜಾಗ ತೋರಿಸಿ, ಕಿವಿಯಾದರೆ ಕಿವಿ.

## ಹಂತ 8: ನೀರಿನಡಿ ಹುಡುಕುವ ರೀತಿ

ಇಳಿದ ಮೊದಲ ಐದು ನಿಮಿಷ ಏನನ್ನೂ ಹುಡುಕಬೇಡಿ. ಉದ್ದಕ್ಕೆ ಉಸಿರು ಬಿಡಿ, ನಿಧಾನಕ್ಕೆ ಎಳೆಯಿರಿ. ಉಸಿರು ಎಳೆದಾಗ ದೇಹ ತುಸು ಏರುತ್ತದೆ, ಬಿಟ್ಟಾಗ ಇಳಿಯುತ್ತದೆ. ಆದರೆ ಎರಡು-ಮೂರು ಸೆಕೆಂಡ್ ತಡವಾಗಿ. ಆ ತಡ ಗೊತ್ತಿಲ್ಲದವರು ಜಾಕೆಟ್ಟಿಗೆ ಗಾಳಿ ಹಾಕುವುದು, ತೆಗೆಯುವುದು ಮಾಡುತ್ತಾ ಮೇಲೆ ಕೆಳಗೆ ಹಾರಾಡುತ್ತಾರೆ. ಮುಳುಗಲೆಂದು ಸೊಂಟಕ್ಕೆ ಕಟ್ಟುವ ಸೀಸದ ತೂಕ ಜಾಸ್ತಿಯಾಗಿದ್ದರೂ ಹೀಗೇ ಆಗುತ್ತದೆ. ಮುಳುಗುತ್ತಲೇ ಇದ್ದೀರಿ ಅನ್ನಿಸಿದರೆ ಮುಂದಿನ ಡೈವ್‌ಗೆ ಒಂದು ಕಿಲೋ ಕಡಿಮೆ ಮಾಡಬಹುದಾ ಕೇಳಿ.

ದೇಹ ಹತೋಟಿಗೆ ಬಂದ ಮೇಲೆ ದೊಡ್ಡ ಮೀನುಗಳಿಂದ ಕಣ್ಣು ತೆಗೆಯಿರಿ. ಹುಡುಕಬೇಕಾದ್ದು ಜೀವಿಯನ್ನಲ್ಲ, ಅದರ ಮನೆಯನ್ನು.

ಮರಳು ಮತ್ತು ಹವಳ ಸೇರುವ ಅಂಚು. ಇಲ್ಲಿ ಕಿರುಬೆರಳಷ್ಟು ದೊಡ್ಡ ಬಿಲಗಳಿರುತ್ತವೆ. ಬಾಯಲ್ಲಿ ಒಂದು ಪುಟ್ಟ ಗೋಬಿ ಮೀನು ಕಾವಲು ಕೂತಿರುತ್ತದೆ. ಎರಡು ಮೀಟರ್ ದೂರದಲ್ಲೇ ನಿಲ್ಲಿ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಒಂದು ಸಿಗಡಿ ಮರಳನ್ನು ಬುಲ್‌ಡೋಜರ್ ಥರ ತಳ್ಳಿಕೊಂಡು ಹೊರಗೆ ಬರುತ್ತದೆ, ಸುರಿದು ಒಳಗೆ ಹೋಗುತ್ತದೆ, ಮತ್ತೆ ಬರುತ್ತದೆ. ಅದಕ್ಕೆ ಕಣ್ಣು ಅಷ್ಟಕ್ಕಷ್ಟೇ. ಹೊರಗಿರುವಷ್ಟು ಹೊತ್ತೂ ಅದರ ಒಂದು ಮೀಸೆ ಮೀನಿನ ಮೈಮೇಲೇ ಇರುತ್ತದೆ. ಮೀನು ಬಾಲ ಅಲುಗಿಸಿದರೆ ಅಪಾಯ ಅಂತ ಅರ್ಥ, ಸಿಗಡಿ ಒಳಕ್ಕೆ. ನೀವು ಒಂದು ಸಲ ಜೋರಾಗಿ ಗುಳ್ಳೆ ಬಿಟ್ಟರೂ ಸಾಕು, ಎರಡೂ ಮಾಯ. ಅಂಡಮಾನ್‌ಗೆ ಹೋಗಿ ಇದೊಂದನ್ನೇ ಹತ್ತು ನಿಮಿಷ ನೋಡಿ ಬಂದರೂ ದುಡ್ಡು ವಸೂಲಿ ಅಂತ ನನ್ನ ಅಭಿಪ್ರಾಯ.

ಖಾಲಿ ಚಿಪ್ಪುಗಳ ಗುಡ್ಡೆ. ಬಂಡೆ ಸಂದಿಯ ಮುಂದೆ ಏಡಿ, ಕಪ್ಪೆಚಿಪ್ಪುಗಳ ರಾಶಿ ಕಂಡರೆ ಅದು ಆಕ್ಟೋಪಸ್ ತಿಂದು ಬಿಸಾಕಿದ ಎಂಜಲು. ಸಂದಿಯೊಳಗೆ ಕಣ್ಣು ಹುಡುಕಿ, ಮೈ ಸಿಗುವುದಿಲ್ಲ.

ಸ್ಪಂಜು. ಇದು ಬಂಡೆಗೆ ಅಂಟಿಕೊಂಡು ಬೆಳೆಯುವ ಕಡಲಜೀವಿ. ನ್ಯೂಡಿಬ್ರ್ಯಾಂಕ್ ಅಂದರೆ ಚಿಪ್ಪಿಲ್ಲದ ಬಣ್ಣಬಣ್ಣದ ಕಡಲ ಬಸವನಹುಳು. ಬಹಳಷ್ಟು ಜಾತಿಗಳ ಊಟ ಸ್ಪಂಜು, ಹಾಗಾಗಿ ಅಲ್ಲೇ ನಿಧಾನಕ್ಕೆ ತೆವಳುತ್ತಿರುತ್ತವೆ. ಹೆಚ್ಚಿನವು ಬೆರಳಿಗಿಂತ ಚಿಕ್ಕವು.

ಅನಿಮೋನಿ. ಹೂವಿನ ದಳದಂಥ ಬಳುಕುವ ಎಳೆಗಳಿರುವ ಕಡಲಜೀವಿ ಇದು. ಇದರೊಳಗೆ ವಾಸಿಸುವ ಕಿತ್ತಳೆ-ಬಿಳಿ ಕ್ಲೌನ್‌ಫಿಶ್ ಎಲ್ಲರೂ ನೋಡುತ್ತಾರೆ. ಗುಂಪಿನಲ್ಲಿ ದೊಡ್ಡದು ಹೆಣ್ಣು. ಅದು ಸತ್ತರೆ ಗಂಡೇ ಹೆಣ್ಣಾಗಿ ಬದಲಾಗುತ್ತದೆ. ಮೀನು ನೋಡಿಯಾದ ಮೇಲೆ ಅನಿಮೋನಿಯ ಬುಡದ ಮಡಿಕೆಗಳನ್ನು ನೋಡಿ, ಪಿಂಗಾಣಿಯಂಥ ಪುಟ್ಟ ಏಡಿ ಸಿಗಬಹುದು.

ಮೀನುಗಳ ಕ್ಯೂ. ಬೇರೆ ಬೇರೆ ಜಾತಿಯ ಮೀನುಗಳು ಬಾಯಿ ತೆರೆದು ಒಂದೆಡೆ ಸುಮ್ನೆ ನಿಂತಿದ್ದರೆ ಅದು ಸ್ವಚ್ಛತೆಯ ಅಡ್ಡೆ. ಕ್ಲೀನರ್ ರಾಸ್ ಎಂಬ ಬೆರಳುದ್ದದ ಮೀನು ಅವುಗಳ ಬಾಯೊಳಗೇ ಹೋಗಿ ಪರೋಪಜೀವಿಗಳನ್ನು ಹೆಕ್ಕಿ ತಿನ್ನುತ್ತದೆ.

ಟಾರ್ಚ್ ಇರಲಿ. ಐದಾರು ಮೀಟರ್ ದಾಟಿದರೆ ಕೆಂಪು ಬಣ್ಣ ಮಂಕಾಗಿ ಎಲ್ಲವೂ ಕಂದು-ನೀಲಿ. ಬೆಳಕು ಬಿಟ್ಟಾಗಲೇ ಕೆಂಪು ಸ್ಪಂಜು ಕೆಂಪಾಗುವುದು. ಇನ್ನೊಂದು ಮಾತು: ಮಾಸ್ಕಿನ ಗಾಜಿನಿಂದ ನೋಡುವಾಗ ವಸ್ತುಗಳು ಮೂರನೇ ಒಂದು ಭಾಗ ದೊಡ್ಡದಾಗಿ ಕಾಣುತ್ತವೆ. ಊರಿಗೆ ಬಂದು ಮೊರೆ ಈಲ್ ಕಥೆ ಹೇಳುವಾಗ ಇದು ನೆನಪಿರಲಿ.

ನಡುನಡುವೆ ಗಾಳಿಯ ಮೀಟರ್ ನೋಡಿ, ಅದು ಸಿಲಿಂಡರಿನ ಒತ್ತಡವನ್ನು ಬಾರ್ ಎಂಬ ಅಳತೆಯಲ್ಲಿ ತೋರಿಸುತ್ತದೆ. ಸಾಮಾನ್ಯವಾಗಿ 200 ಬಾರ್‌ನಿಂದ ಶುರು. 100ಕ್ಕೆ ಬಂದಾಗ ಗೈಡ್‌ಗೆ ತಿಳಿಸಿ, 50 ಉಳಿದಿರುವಾಗಲೇ ಮೇಲಿರಬೇಕು. ಮೇಲೆ ಬರುವಾಗ ನಿಮ್ಮ ಸಣ್ಣ ಗುಳ್ಳೆಗಳಿಗಿಂತ ವೇಗ ಬೇಡ, 5 ಮೀಟರ್ ಆಳದಲ್ಲಿ 3 ನಿಮಿಷ ನಿಂತು ಬನ್ನಿ.

## ಹಂತ 9: ಮುಟ್ಟಬಾರದ್ದು, ತರಬಾರದ್ದು

ಏನನ್ನೂ ಮುಟ್ಟಬೇಡಿ ಅಂದರೆ ಸಾಕಿತ್ತು, ಆದರೂ ಕಾರಣ ಗೊತ್ತಿರಲಿ. ಸ್ಟೋನ್‌ಫಿಶ್ ಕಲ್ಲಿನ ಥರವೇ ಇರುತ್ತದೆ, ಬೆನ್ನಿನ ಮುಳ್ಳು ವಿಷ. ಲಯನ್‌ಫಿಶ್ ಮುಳ್ಳೂ ವಿಷ. ಚುಚ್ಚಿದರೆ ತಡೆಯುವಷ್ಟು ಬಿಸಿಯಾದ ನೀರಿನಲ್ಲಿ, ಸುಮಾರು 45 ಡಿಗ್ರಿ, ಆ ಭಾಗ ಮುಳುಗಿಸಿ ಆಸ್ಪತ್ರೆಗೆ ಹೋಗಬೇಕು. ಚೆಂದದ ಕೋನ್ ಶಂಖ ಕೈಗೆತ್ತಿಕೊಂಡರೆ ಒಳಗಿರುವ ಹುಳು ವಿಷದ ಮುಳ್ಳು ಚುಚ್ಚುತ್ತದೆ, ಕೆಲವು ಜಾತಿಯವು ಮನುಷ್ಯರನ್ನೇ ಕೊಲ್ಲಬಲ್ಲವು. ಗೂಡು ಕಾಯುವ ಟೈಟನ್ ಟ್ರಿಗರ್‌ಫಿಶ್ ಮೈಮೇಲೆ ಬಂದರೆ ಮೇಲಕ್ಕೆ ಓಡಬೇಡಿ. ಅದು ತನ್ನದೆಂದುಕೊಳ್ಳುವ ಜಾಗ ಗೂಡಿನಿಂದ ಮೇಲಕ್ಕೆ ಅಗಲವಾಗುತ್ತಾ ಹೋಗುತ್ತದೆ. ಪಕ್ಕಕ್ಕೆ ಸರಿದುಬಿಡಿ. ಮೊರೆ ಈಲ್ ಬಾಯಿ ತೆಗೆದು ಮುಚ್ಚುವುದು ಮಾತ್ರ ಬೆದರಿಕೆಯಲ್ಲ, ಉಸಿರಾಟ.

ಹವಳದ ಚೂರು, ಸತ್ತದ್ದಾದರೂ, ಶೋಕೇಸಿಗೆ ಅಂತ ತರಬೇಡಿ. ಹವಳ, ಸಮುದ್ರಕುದುರೆ, ದೈತ್ಯ ಕಪ್ಪೆಚಿಪ್ಪುಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ.

## ಹಂತ 10: ಘಾಟ್ ಹತ್ತುವ ಮುಂಚೆ ಒಂದು ರಾತ್ರಿ

ಒಂದೇ ಡೈವ್ ಮಾಡಿದ್ದರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚಾದರೆ 18 ಗಂಟೆ ವಿಮಾನ ಹತ್ತಬಾರದು. ರಕ್ತದಲ್ಲಿ ಕರಗಿದ ಸಾರಜನಕ, ಮೇಲೆ ಗಾಳಿಯ ಒತ್ತಡ ಕಡಿಮೆಯಾದಾಗ ಗುಳ್ಳೆಯಾಗುತ್ತದೆ. ಇದು ಬಹಳ ಜನಕ್ಕೆ ಗೊತ್ತು. ಗೊತ್ತಿಲ್ಲದ್ದು ಇನ್ನೊಂದು: ಈ ಲೆಕ್ಕ ಹಾಕಿರುವುದು ಸುಮಾರು 600 ಮೀಟರ್ ಎತ್ತರದಿಂದ ಮೇಲಕ್ಕೆ. ಮಂಡ್ಯ ಸುಮಾರು 680 ಮೀಟರ್, ಮೈಸೂರು ಸುಮಾರು 770. ದಾರಿಯ ಸಕಲೇಶಪುರ 900 ದಾಟುತ್ತದೆ. ಅಂದರೆ ಬೆಳಿಗ್ಗೆ ನೇತ್ರಾಣಿಯಲ್ಲಿ ಡೈವ್ ಮಾಡಿ ಅದೇ ದಿನ ಕಾರಿನಲ್ಲಿ ಘಾಟ್ ಹತ್ತಿದರೆ, ನೀವು ವಿಮಾನ ಹತ್ತಿದವರ ಸಾಲಿಗೇ ಸೇರುತ್ತೀರಿ. ಆ ರಾತ್ರಿ ಮುರುಡೇಶ್ವರದಲ್ಲೇ ಉಳಿಯಿರಿ.

ಡೈವ್ ಆದ ಒಂದೆರಡು ದಿನದಲ್ಲಿ ಕೀಲು ನೋವು, ಕೈಕಾಲು ಜೋಮು, ಚರ್ಮದಲ್ಲಿ ಮಚ್ಚೆ, ತಲೆಸುತ್ತು, ಎಂದೂ ಇಲ್ಲದ ಸುಸ್ತು ಬಂದರೆ "ಟ್ರಿಪ್ ಆಯಾಸ" ಅಂತ ಮಲಗಿಬಿಡಬೇಡಿ, ಅದು ಆ ಸಾರಜನಕದ ಗುಳ್ಳೆಗಳ ಕೆಲಸ ಇರಬಹುದು. ಕೂಡಲೇ ಆಸ್ಪತ್ರೆಗೆ ಹೋಗಿ, ಆಮ್ಲಜನಕ ಕೊಡಲು ಕೇಳಿ. ಯಾವತ್ತು, ಎಷ್ಟು ಆಳಕ್ಕೆ ಡೈವ್ ಮಾಡಿದ್ದು ಅನ್ನುವುದನ್ನು ನೀವೇ ಬಾಯಿಬಿಟ್ಟು ಹೇಳಬೇಕು. ಮೈಸೂರಿನಲ್ಲಿ ಕೂತ ಡಾಕ್ಟರಿಗೆ ತಾನಾಗಿ ಅದು ಹೊಳೆಯಲಿ ಅಂದರೆ ಹೇಗೆ?

ಕಿವಿಯಲ್ಲಿ ನೀರು ನಿಂತ ಹಾಗೆ ಅನ್ನಿಸುವುದು ಸಾಮಾನ್ಯ. ನೋವು, ಸೋರುವುದು, ಕೇಳಿಸದಿರುವುದು ಇದ್ದರೆ ಕಿವಿ ಡಾಕ್ಟರ ಹತ್ತಿರ ಹೋಗಿ. ಅಲ್ಲಿಯವರೆಗೆ ಅಜ್ಜಿ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ತಂದರೂ ಕಿವಿಗೆ ಬಿಟ್ಟುಕೊಳ್ಳಬೇಡಿ. ತಮಟೆ ಹರಿದಿದ್ದರೆ ಎಣ್ಣೆ ಒಳಗೇ ಇಳಿಯುತ್ತದೆ.